ಕೋಡ್ ಬಂದ ತಕ್ಷಣ ಸೆನ್ಸರ್ ಬದಲಿಸಬೇಡಿ: ಹಿಟಾಚಿ, ಲೋಡರ್, ಡಂಪರ್ ಎಂಜಿನ್‌ಗಳ ದೋಷ ಹುಡುಕುವ ಬಗೆ

ಮಾನಿಟರ್ ಮೇಲೆ ಬರುವ ಎಂಜಿನ್ ಕೋಡ್ ಅಂದರೆ ದೋಷದ ಸುಳಿವು, ಪಾರ್ಟ್ ನಂಬರ್ ಅಲ್ಲ. ಈ ಒಂದು ಮಾತು ನೆನಪಿದ್ದರೆ ಸೈಟ್‌ನಲ್ಲಿ ಸಮಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಮಾನಿಟರ್ ಮೇಲೆ 'ಆಯಿಲ್ ಪ್ರೆಶರ್ ಸೆನ್ಸರ್' ಅಂತ ಬಂದರೆ ಸೆನ್ಸರ್ ಹೋಗಿದೆ ಅಂತಲೇ ಅರ್ಥವಲ್ಲ. ಆ ಸೆನ್ಸರ್‌ನ ಸರ್ಕ್ಯೂಟ್‌ನಿಂದ ಬಂದ ವೋಲ್ಟೇಜ್ ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಸರಿಕಾಣಲಿಲ್ಲ, ಅಷ್ಟೇ. ಸರ್ಕ್ಯೂಟ್ ಅಂದರೆ ಸೆನ್ಸರ್ ಜೊತೆಗೆ ಅದರ ಕನೆಕ್ಟರ್, ವೈರು, ನಡುವಿನ ಜಾಯಿಂಟ್‌ಗಳು, 5 ವೋಲ್ಟ್ ಸಪ್ಲೈ, ರಿಟರ್ನ್ ವೈರ್, ಕೊನೆಗೆ ಇಸಿಎಂ ಪಿನ್. ಇಷ್ಟರಲ್ಲಿ ಯಾವುದು ಕೆಟ್ಟರೂ ಕೋಡ್ ಅದೇ ಬರುತ್ತದೆ.

ಕ್ವಾರಿ, ರಸ್ತೆ ಕೆಲಸ, ಗಣಿ, ಎಲ್ಲೇ ಆಗಲಿ, ಭಾರಿ ಯಂತ್ರದ ವೈರಿಂಗ್ ಪಡುವ ಪಾಡು ಜಾಸ್ತಿ. ದಿನವಿಡೀ ಅದುರುವಿಕೆ, ಧೂಳು, ವಾಟರ್ ಸರ್ವಿಸ್ ಹೊಡೆತ, ಮಳೆಗಾಲದ ಕೆಸರು, ಕರಾವಳಿಯಾದರೆ ಉಪ್ಪಿನ ಗಾಳಿ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಇಲಿ ಸೇರಿಕೊಂಡು ವೈರ್ ಕಡಿಯುವುದೂ ಮಾಮೂಲಿ. ಹೀಗಿರುವಾಗ ಹುಡುಕಾಟ ವೈರಿಂಗ್‌ನಿಂದ ಶುರುವಾಗಬೇಕು, ಅಂಗಡಿಯಿಂದಲ್ಲ.

ಕೋಡ್ ಒಳಗೆ ಏನಿದೆ

ಈಗಿನ ಬಹುತೇಕ ಯಂತ್ರಗಳ ಎಂಜಿನ್ ಮಾತಾಡುವುದು ಜೆ1939 ಭಾಷೆಯಲ್ಲಿ, ಅಂದರೆ ಯಂತ್ರದ ಕಂಪ್ಯೂಟರ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿಯಲ್ಲಿ. ಅದರಲ್ಲಿ ಕೋಡ್‌ಗೆ ಎರಡು ಮುಖ್ಯ ಭಾಗ. ಮೊದಲನೆಯದು ಎಸ್‌ಪಿಎನ್: ಯಾವ ವಿಷಯ ಅನ್ನುವುದು. ಎರಡನೆಯದು ಎಫ್‌ಎಂಐ: ಏನು ತೊಂದರೆ ಅನ್ನುವುದು. ಎಸ್‌ಪಿಎನ್ 100 ಅಂದರೆ ಆಯಿಲ್ ಪ್ರೆಶರ್. 110 ಕೂಲೆಂಟ್ ತಾಪ. 102 ಬೂಸ್ಟ್ ಪ್ರೆಶರ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), 105 ಇಂಟೇಕ್ ಗಾಳಿಯ ತಾಪ. 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ), 190 ಎಂಜಿನ್ ಸ್ಪೀಡ್, 97 ಡೀಸೆಲ್‌ನಲ್ಲಿ ನೀರು, 168 ಬ್ಯಾಟರಿ ವೋಲ್ಟೇಜ್, 3509 ಮತ್ತು 3510 ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಸಪ್ಲೈಗಳು. ಬರೀ ಎಸ್‌ಪಿಎನ್ ನೋಡಿ ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ನಿಜವಾದ ಸುಳಿವು ಇರುವುದು ಎಫ್‌ಎಂಐನಲ್ಲಿ.

ಕಂಪನಿಗಳು ತಮ್ಮದೇ ನಂಬರನ್ನೂ ಇಟ್ಟುಕೊಂಡಿವೆ. ಕಮಿನ್ಸ್‌ನಲ್ಲಿ 135 ಅಂದರೆ ಎಸ್‌ಪಿಎನ್ 100 ಎಫ್‌ಎಂಐ 3. 141 ಅಂದರೆ 100 ಎಫ್‌ಎಂಐ 4. 144 ಮತ್ತು 145 ಅಂದರೆ ಕೂಲೆಂಟ್ ತಾಪದ 3 ಮತ್ತು 4. ಕೊಮಾಟ್ಸುವಿನ ಹಲವು ಎಂಜಿನ್‌ಗಳಲ್ಲಿ ಇದೇ ನಂಬರಿನ ಮುಂದೆ 'ಸಿಎ' ಸೇರುತ್ತದೆ: ಸಿಎ135, ಸಿಎ144. ಒಂದರ ಚಾರ್ಟ್ ಗೊತ್ತಿದ್ದರೆ ಇನ್ನೊಂದು ಓದುವುದು ಸುಲಭ. ಕ್ಯಾಟರ್‌ಪಿಲ್ಲರ್‌ನಲ್ಲಿ ಹಳೆಯ ಪದ್ಧತಿ ಸಿಐಡಿ (ಯಾವ ಭಾಗ ಅನ್ನುವ ನಂಬರ್) ಮತ್ತು ಎಫ್‌ಎಂಐ. ಸಿಐಡಿ 262 ಅಂದರೆ 5 ವೋಲ್ಟ್ ಸೆನ್ಸರ್ ಸಪ್ಲೈ. ಅಲ್ಲಿ ಇನ್ನೊಂದು ಒಳ್ಳೆಯ ವಿಂಗಡಣೆ ಇದೆ. ಇ ಅಕ್ಷರದಿಂದ ಶುರುವಾದರೆ, ಉದಾಹರಣೆಗೆ ಇ360, ಅದು ಎಂಜಿನ್‌ನಲ್ಲೇ ಆಗುತ್ತಿರುವ ತೊಂದರೆ: ಆಯಿಲ್ ಪ್ರೆಶರ್ ಕಡಿಮೆ. ಇ ಇಲ್ಲದ ಕೋಡ್ ಸರ್ಕ್ಯೂಟ್‌ನ ತೊಂದರೆ. ಯಾವ ಕಂಪನಿಯ ಗಾಡಿಯಾದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಸರ್ಕ್ಯೂಟ್ ಕೋಡಾ, ಎಂಜಿನ್ ಸ್ಥಿತಿಯ ಕೋಡಾ?

ಜೆ1939ರಲ್ಲಿ ಅದನ್ನು ಎಫ್‌ಎಂಐ ಹೇಳುತ್ತದೆ. 3 ಅಂದರೆ ವೋಲ್ಟೇಜ್ ಜಾಸ್ತಿ, 4 ಅಂದರೆ ಕಡಿಮೆ, 5 ಅಂದರೆ ಕರೆಂಟ್ ಹರಿಯುತ್ತಿಲ್ಲ, 6 ಅಂದರೆ ಕರೆಂಟ್ ಜಾಸ್ತಿ. ಇವೆಲ್ಲ ಸರ್ಕ್ಯೂಟ್‌ನವು. 2 ಅಂದರೆ ರೀಡಿಂಗ್ ಬಂದುಹೋಗುತ್ತಿದೆ, ಅಥವಾ ಉಳಿದ ಸೆನ್ಸರ್‌ಗಳ ಜೊತೆ ತಾಳೆಯಾಗುತ್ತಿಲ್ಲ. 9 ಅಂದರೆ ಬರಬೇಕಾದ ಸಂದೇಶ ಸಮಯಕ್ಕೆ ಬರುತ್ತಿಲ್ಲ. 0, 15, 16 ಅಂದರೆ ಸೆನ್ಸರ್ ನಂಬಬಹುದಾದ ರೀಡಿಂಗ್ ಕೊಡುತ್ತಿದೆ, ಆದರೆ ಅದು ಮಿತಿಗಿಂತ ಮೇಲೆ. 1, 17, 18 ಅಂದರೆ ಮಿತಿಗಿಂತ ಕೆಳಗೆ.

ಎಫ್‌ಎಂಐ 1 ಮತ್ತು 18: ಇಲ್ಲಿ ಮೊದಲೇ ಸೆನ್ಸರ್ ಮೇಲೆ ಅನುಮಾನ ಬೇಡ

ಎಸ್‌ಪಿಎನ್ 100 ಎಫ್‌ಎಂಐ 1 ಬಂದರೆ (ಕಮಿನ್ಸ್‌ನಲ್ಲಿ 415) ಎಂಜಿನ್ ಆಫ್ ಮಾಡಿ. ಆ ಕ್ಷಣವೇ. 'ಸೆನ್ಸರ್ ಹುಚ್ಚು ರೀಡಿಂಗ್ ಕೊಡ್ತಿದೆ, ಈ ಟ್ರಿಪ್ ಮುಗಿಸಿ ನೋಡೋಣ' ಅನ್ನುವ ಮಾತು ಬೇರಿಂಗ್ ಮತ್ತು ಕ್ರ್ಯಾಂಕ್ ಎರಡನ್ನೂ ತಿಂದುಹಾಕುತ್ತದೆ. ಒಂದು ಸೆನ್ಸರ್ ಬೆಲೆ ಎಲ್ಲಿ, ಎಂಜಿನ್ ಬೋರ್ ಮಾಡಿಸಿ ಕ್ರ್ಯಾಂಕ್ ಹಾಕಿಸುವ ಖರ್ಚು ಎಲ್ಲಿ, ಅಲ್ವಾ?

ಡಿಪ್‌ಸ್ಟಿಕ್ ನೋಡಿ. ಆಯಿಲ್ ತೆಳ್ಳಗಾಗಿದೆಯಾ, ಡೀಸೆಲ್ ವಾಸನೆ ಇದೆಯಾ, ಲೆವೆಲ್ ಏರಿದೆಯಾ ನೋಡಿ. ಇಂಜೆಕ್ಟರ್ ಸೋರಿದರೆ ಆಯಿಲ್‌ಗೆ ಡೀಸೆಲ್ ಸೇರಿ ಲೆವೆಲ್ ಏರುತ್ತದೆ, ಪ್ರೆಶರ್ ಇಳಿಯುತ್ತದೆ. ಆಮೇಲೆ ಸೆನ್ಸರ್ ಬಿಚ್ಚಿ ಅದೇ ಜಾಗಕ್ಕೆ, ಅಥವಾ ಹತ್ತಿರದ ಪ್ಲಗ್ ಜಾಗಕ್ಕೆ, ಮೆಕ್ಯಾನಿಕಲ್ ಗೇಜ್ ಹಾಕಿ. ಸ್ಟಾರ್ಟ್ ಮಾಡಿ ಕೆಲವು ಸೆಕೆಂಡಿನಲ್ಲಿ ಮುಳ್ಳು ಏರದಿದ್ದರೆ ಮತ್ತೆ ಆಫ್. ಗೇಜ್ ಸರಿಯಾದ ಪ್ರೆಶರ್ ತೋರಿಸಿ ಮಾನಿಟರ್ ಮಾತ್ರ ಕಡಿಮೆ ತೋರಿಸಿದರೆ ಆಗ ಸೆನ್ಸರ್ ಕಡೆ ತಿರುಗಿ. ಈ ಕ್ರಮವನ್ನು ಯಾವತ್ತೂ ಉಲ್ಟಾ ಮಾಡಬೇಡಿ.

ಕೂಲೆಂಟ್ 110 ಎಫ್‌ಎಂಐ 0 ಅಥವಾ 16 ಕೂಡ ಹಾಗೇ. ರೇಡಿಯೇಟರ್ ಫಿನ್‌ಗಳಲ್ಲಿ ಧೂಳು ತುಂಬಿರುವುದು, ಬೆಲ್ಟ್ ಸಡಿಲ, ಥರ್ಮೋಸ್ಟಾಟ್, ನೀರು ಕಡಿಮೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಎಸ್‌ಪಿಎನ್ 97 ಎಫ್‌ಎಂಐ 15 ಬಂದರೆ ವಾಟರ್ ಸೆಪರೇಟರ್ ಕೆಳಗಿನ ಕಾಕ್ ಬಿಚ್ಚಿ ನೀರು ಬಿಡಿ. ಮಳೆಗಾಲದಲ್ಲಿ ಬಯಲಲ್ಲಿಟ್ಟ ಬ್ಯಾರಲ್‌ನಿಂದ ಡೀಸೆಲ್ ತುಂಬಿಸುವ ಸೈಟ್‌ಗಳಲ್ಲಿ ಇದು ನಿತ್ಯದ ಕಥೆ. ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಬ್ಯಾರಲ್ ಮುಚ್ಚಳ ನೋಡಿಕೊಳ್ಳಿ.

ಕೈ ಹಾಕುವ ಮೊದಲು

ಬಕೆಟ್ ನೆಲಕ್ಕೆ ಇಳಿಸಿ, ಲಾಕ್ ಲಿವರ್ ಹಾಕಿ, ಡಂಪರ್ ಆದರೆ ಚಕ್ರಕ್ಕೆ ಕಲ್ಲು ಕೊಡಿ. ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಒತ್ತಡ 1600 ಬಾರ್ ದಾಟುವುದುಂಟು. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪ್ ಸಡಿಲಿಸುವ ಹಳೆಯ ಅಭ್ಯಾಸ ಇಲ್ಲಿ ಪ್ರಾಣಕ್ಕೆ ಕುತ್ತು. ಸಣ್ಣ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ನುಗ್ಗಿದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ಎಂಜಿನ್ ಓಡುವಾಗ ಮುಟ್ಟಬೇಡಿ. ಇಸಿಎಂ ಅಲ್ಲಿಗೆ ಕಳಿಸುವುದು ಬ್ಯಾಟರಿಯ 24 ವೋಲ್ಟ್ ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು.

ಇನ್ನು ಕೋಡ್‌ಗಳು. ಮೊದಲು ಎಲ್ಲವನ್ನೂ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಆ್ಯಕ್ಟಿವ್ (ಈಗಲೂ ಇರುವುದು) ಯಾವುದು, ಹಿಂದೆ ಬಂದು ಹೋಗಿದ್ದು ಯಾವುದು, ಎಷ್ಟು ಸಲ ಬಂದಿದೆ, ಯಾವ ಅವರ್ ಮೀಟರ್ ರೀಡಿಂಗ್‌ನಲ್ಲಿ ಬಂದಿದೆ. ಇದನ್ನೆಲ್ಲ ಬರೆಯದೆ ಸುಮ್ನೆ ಕ್ಲಿಯರ್ ಒತ್ತಿದರೆ ನಿಮ್ಮ ಕೈಯಲ್ಲಿದ್ದ ಸಾಕ್ಷಿಯನ್ನು ನೀವೇ ಅಳಿಸಿದ ಹಾಗೆ. ಆಪರೇಟರ್‌ನನ್ನೂ ಕೂರಿಸಿಕೊಂಡು ಕೇಳಿ: ಬೆಳಿಗ್ಗೆ ತಣ್ಣಗಿದ್ದಾಗ ಬರುತ್ತದಾ, ಬಿಸಿಯಾದ ಮೇಲಾ? ಲೋಡ್ ಎಳೆಯುವಾಗಲಾ, ನಿಂತಾಗಲಾ? ನಿನ್ನೆ ವಾಟರ್ ಸರ್ವಿಸ್ ಆಗಿತ್ತಾ? ಬಕೆಟ್ ಹಲ್ಲಿಗೆ ವೆಲ್ಡಿಂಗ್ ಮಾಡಿದಿರಾ? ಕೊನೆಯ ಪ್ರಶ್ನೆ ಮರೆಯಬೇಡಿ. ಬ್ಯಾಟರಿ ಬಿಚ್ಚದೆ, ಅರ್ತ್ ಕ್ಲಾಂಪನ್ನು ದೂರದಲ್ಲೆಲ್ಲೋ ಸಿಕ್ಕಿಸಿ ವೆಲ್ಡ್ ಮಾಡಿದರೆ ಕರೆಂಟ್ ಬೇರಿಂಗ್‌ನಲ್ಲೂ ಹರಿಯುತ್ತದೆ, ವೈರಿಂಗ್‌ನಲ್ಲೂ ಹರಿಯುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಇಸಿಎಂ ಕನೆಕ್ಟರ್ ತೆಗೆದು, ಅರ್ತ್ ಅನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಯಬೇಕು.

ಬ್ಯಾಟರಿ ಮತ್ತು ಅರ್ತ್

ಇದನ್ನು ದಾಟಿ ಮುಂದೆ ಹೋಗುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ, ಯಾಕೆಂದರೆ ಐದು ನಿಮಿಷದ ಕೆಲಸ. 24 ವೋಲ್ಟ್ ಗಾಡಿಯಲ್ಲಿ ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ ಜೋಡಿ 25 ವೋಲ್ಟ್ ದಾಟಿರುತ್ತದೆ. ಎಂಜಿನ್ ಓಡುವಾಗ 27ರಿಂದ 28.5ರ ಒಳಗೆ ಇರಬೇಕು. ಸೆಲ್ಫ್ ಹೊಡೆಯುವಾಗ 18ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ, ಟರ್ಮಿನಲ್, ಕೇಬಲ್ ಮೊದಲು ಸರಿಮಾಡಿ. ವೋಲ್ಟೇಜ್ ಬಿದ್ದಾಗ ಸಂಬಂಧವೇ ಇಲ್ಲದ ಹತ್ತಾರು ಕೋಡ್ ಒಟ್ಟಿಗೆ ಬರುತ್ತವೆ.

ಅರ್ತ್ ನೋಡಲು ಓಮ್ ಮೀಟರ್ ಸಾಲದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಆ ಅರ್ತ್ ಪಟ್ಟಿ ಬಿಚ್ಚಿ ಉಜ್ಜಬೇಕು. ಹಾಗೆಯೇ ಇಸಿಎಂ ಅರ್ತ್ ಪಿನ್‌ಗೂ ನೆಗೆಟಿವ್‌ಗೂ ನಡುವೆ, ಎಂಜಿನ್ ಓಡುವಾಗ 0.2 ವೋಲ್ಟ್ ಒಳಗಿರಬೇಕು.

ಎಫ್‌ಎಂಐ 3 ಮತ್ತು 4ರ ಗುಟ್ಟು

ಇಲ್ಲಿ ಸ್ವಲ್ಪ ನಿಂತು ಓದಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕೂಲೆಂಟ್ ತಾಪದ ಸೆನ್ಸರ್‌ಗೆ ಎರಡೇ ವೈರ್. ಒಳಗಿರುವುದು ಒಂದು ರೆಸಿಸ್ಟರ್; ಬಿಸಿಯಾದಷ್ಟೂ ಅದರ ಓಮ್ ಇಳಿಯುತ್ತದೆ. ಹಲವು ಎಂಜಿನ್‌ಗಳಲ್ಲಿ 25 ಡಿಗ್ರಿಯಲ್ಲಿ 2000 ಓಮ್ ಆಸುಪಾಸು ಇರುತ್ತದೆ, 100 ಡಿಗ್ರಿಗೆ ಬಂದಾಗ 200ರ ಹತ್ತಿರ. ಇಸಿಎಂ ತನ್ನೊಳಗಿನ ಇನ್ನೊಂದು ರೆಸಿಸ್ಟರ್ ಮೂಲಕ ಈ ವೈರ್‌ಗೆ 5 ವೋಲ್ಟ್ ಕೊಟ್ಟು, ಎಷ್ಟು ವೋಲ್ಟ್ ಉಳಿಯಿತು ಅಂತ ನೋಡುತ್ತದೆ. ತಣ್ಣಗಿದ್ದರೆ ಜಾಸ್ತಿ ಉಳಿಯುತ್ತದೆ, ಬಿಸಿಯಾದರೆ ಕಡಿಮೆ.

ಈಗ ವೈರ್ ತುಂಡಾಯಿತು ಅಂದುಕೊಳ್ಳಿ. ಕರೆಂಟ್ ಹರಿಯಲು ದಾರಿಯೇ ಇಲ್ಲ, ಪೂರ್ತಿ 5 ವೋಲ್ಟ್ ಅಲ್ಲೇ ನಿಲ್ಲುತ್ತದೆ. ಹಾಗಾಗಿ ತುಂಡಾದ ವೈರ್‌ಗೆ ಬರುವ ಕೋಡ್ ಎಫ್‌ಎಂಐ 3, ಅಂದರೆ 'ವೋಲ್ಟೇಜ್ ಜಾಸ್ತಿ'. ಮಾನಿಟರ್‌ನಲ್ಲಿ ತಾಪ ಮೈನಸ್ 40 ಅಂತ ಕಾಣಬಹುದು. ವೈರ್ ಸುಲಿದು ಎಂಜಿನ್ ಬಾಡಿಗೆ ತಾಗಿದರೆ ವೋಲ್ಟೇಜ್ ಸೊನ್ನೆಗೆ ಬೀಳುತ್ತದೆ, ಎಫ್‌ಎಂಐ 4 ಬರುತ್ತದೆ. 'ವೋಲ್ಟೇಜ್ ಜಾಸ್ತಿ' ಅಂತ ಓದಿ ಎಲ್ಲೋ 24 ವೋಲ್ಟ್ ಶಾರ್ಟ್ ಆಗಿದೆ ಅಂತ ಇಡೀ ದಿನ ಹುಡುಕಿದವರಿದ್ದಾರೆ. ಬಹಳ ಸಲ ಇರುವುದು ಸಡಿಲ ಪಿನ್ ಅಥವಾ ತುಂಡಾದ ವೈರ್.

ಇದರಿಂದಲೇ ಒಂದು ಸೊಗಸಾದ ಪರೀಕ್ಷೆ ಹುಟ್ಟುತ್ತದೆ. ಎಫ್‌ಎಂಐ 4 ಆ್ಯಕ್ಟಿವ್ ಇದೆಯಾ? ಕೀ ಆಫ್ ಮಾಡಿ, ಸೆನ್ಸರ್ ಕನೆಕ್ಟರ್ ತೆಗೆಯಿರಿ, ಕೀ ಆನ್ ಮಾಡಿ. ಕೋಡ್ ಈಗ 3ಕ್ಕೆ ಬದಲಾದರೆ ವೈರೂ ಇಸಿಎಂ ಕೂಡ ಚೆನ್ನಾಗಿವೆ, ತಪ್ಪು ಸೆನ್ಸರ್‌ನದು. 4 ಹಾಗೇ ಉಳಿದರೆ ಶಾರ್ಟ್ ಇರುವುದು ವೈರಿಂಗ್‌ನಲ್ಲಿ. ಎಫ್‌ಎಂಐ 3 ಇದ್ದರೆ ಉಲ್ಟಾ: ಕನೆಕ್ಟರ್ ತೆಗೆದು, ಅದರ ಎರಡು ಪಿನ್‌ಗಳನ್ನು ಸಣ್ಣ ಜಂಪರ್ ವೈರ್‌ನಿಂದ ಸೇರಿಸಿ. ಕೋಡ್ 4 ಆದರೆ ಸೆನ್ಸರ್ ಬದಲಿಸಿ. ಆಗದಿದ್ದರೆ ಎಲ್ಲೋ ವೈರ್ ತುಂಡಾಗಿದೆ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಸರ್ಕ್ಯೂಟನ್ನು ನೀವು ಪಟ್ಟಿಯಿಂದ ಹೊಡೆದುಹಾಕಿದ್ದೀರಿ.

ಆಯಿಲ್ ಪ್ರೆಶರ್, ಬೂಸ್ಟ್, ರೈಲ್ ಸೆನ್ಸರ್‌ಗಳಿಗೆ ಮೂರು ವೈರ್: 5 ವೋಲ್ಟ್, ಸಿಗ್ನಲ್, ರಿಟರ್ನ್. ಒತ್ತಡ ಸೊನ್ನೆ ಇರುವಾಗ ಸಿಗ್ನಲ್ ಅರ್ಧ ವೋಲ್ಟ್ ಹತ್ತಿರ, ಪೂರ್ತಿ ಒತ್ತಡದಲ್ಲಿ ನಾಲ್ಕೂವರೆ ಹತ್ತಿರ. ಇದರ ಆಚೆ ಹೋದರೆ ಕೋಡ್. ರಿಟರ್ನ್ ವೈರ್ ಕಳಚಿದರೆ ಸಿಗ್ನಲ್ ಸಾಮಾನ್ಯವಾಗಿ ಮೇಲಕ್ಕೆ ಹೋಗಿ 3 ಬರುತ್ತದೆ. 5 ವೋಲ್ಟ್ ಕಳೆದುಹೋದರೆ ಕೆಳಕ್ಕೆ ಬಿದ್ದು 4 ಬರುತ್ತದೆ. ಸಿಗ್ನಲ್ ವೈರ್ ಮಾತ್ರ ತುಂಡಾದರೆ ಯಾವುದು ಬರುತ್ತದೆ ಅನ್ನುವುದು ಆಯಾ ಇಸಿಎಂ ವಿನ್ಯಾಸದ ಮೇಲೆ ನಿಂತಿದೆ. ಆ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಲೇಬೇಕು. ಮೂರು ವೈರ್ ಸೆನ್ಸರ್‌ನಲ್ಲಿ ಅಂದಾಜಿನ ಮೇಲೆ ಜಂಪರ್ ಹಾಕಬೇಡಿ. 5 ವೋಲ್ಟ್ ಪಿನ್‌ಗೂ ರಿಟರ್ನ್‌ಗೂ ಸೇರಿಸಿದರೆ ಇಡೀ ಸಪ್ಲೈ ಬೀಳುತ್ತದೆ.

ಒಟ್ಟಿಗೆ ಮೂರು ಕೋಡ್ ಬಂದರೆ

ಮೂರು ಸೆನ್ಸರ್ ಒಂದೇ ದಿನ ಸಾಯುವುದಿಲ್ಲ. ಹಲವು ಸೆನ್ಸರ್‌ಗಳ ಕೋಡ್ ಒಂದೇ ಹೊತ್ತಿಗೆ ಬಂದರೆ ಅವುಗಳಿಗೆ ಸಮಾನವಾಗಿರುವುದು ಏನು ಅಂತ ನೋಡಿ. ಬಹಳ ಸಲ ಅದು 5 ವೋಲ್ಟ್ ಸಪ್ಲೈ.

ಸಕಲೇಶಪುರದ ಕಡೆ ಘಾಟ್ ರಸ್ತೆ ಕೆಲಸದಲ್ಲಿದ್ದ 20 ಟನ್ ಹಿಟಾಚಿಯೊಂದನ್ನು ನೋಡಲು ಹೋಗಿದ್ದೆ. ಮಣ್ಣಿಗೆ ಬಕೆಟ್ ಹಾಕಿ ಎಳೆದ ಕೂಡಲೇ ಎಂಜಿನ್ ಪವರ್ ಬಿಟ್ಟುಬಿಡುತ್ತಿತ್ತು. ಸುಮ್ಮನೆ ನಿಂತಾಗ ಏನೂ ಇಲ್ಲ. ಆಯಿಲ್ ಪ್ರೆಶರ್ ಸೆನ್ಸರ್ ಆಗಲೇ ಹೊಸದಾಗಿತ್ತು, ಬೂಸ್ಟ್ ಸೆನ್ಸರ್‌ಗೆ ಆರ್ಡರ್ ಕೊಡುವುದರಲ್ಲಿದ್ದರು. ಮೆಮೊರಿಯಲ್ಲಿ ಇದ್ದದ್ದು 3509 ಎಫ್‌ಎಂಐ 4, 100 ಎಫ್‌ಎಂಐ 4, 102 ಎಫ್‌ಎಂಐ 4. ಮೂರೂ ಆ ಹೊತ್ತಿಗೆ ಆ್ಯಕ್ಟಿವ್ ಇರಲಿಲ್ಲ, ಆದರೆ ಮೂರರ ಎಣಿಕೆಯೂ ಒಂದೇ, ಕೊನೆಯ ಸಲ ಬಂದ ಅವರ್ ಮೀಟರ್ ರೀಡಿಂಗ್ ಕೂಡ ಒಂದೇ. ಕೂಲೆಂಟ್ ತಾಪದ ಕೋಡ್ ಮಾತ್ರ ಇಲ್ಲ. ಇದು ದೊಡ್ಡ ಸುಳಿವು. ತಾಪದ ಸೆನ್ಸರ್ ಆ ಹೊರಗಿನ 5 ವೋಲ್ಟ್ ವೈರನ್ನು ಬಳಸುವುದೇ ಇಲ್ಲ, ಅದಕ್ಕೆ ವೋಲ್ಟೇಜ್ ಇಸಿಎಂ ಒಳಗಿಂದಲೇ ಬರುತ್ತದೆ. ಪ್ರೆಶರ್ ಸೆನ್ಸರ್‌ಗಳು ಮಾತ್ರ ಬಿದ್ದಿವೆ ಅಂದರೆ ಬಿದ್ದಿರುವುದು ಆ 5 ವೋಲ್ಟ್ ವೈರ್.

ಬೂಸ್ಟ್ ಸೆನ್ಸರ್ ಕನೆಕ್ಟರ್ ತೆಗೆದು, ಕೀ ಆನ್ ಮಾಡಿ ನೋಡಿದರೆ 4.98 ವೋಲ್ಟ್. ಸರಿಯಾಗಿಯೇ ಇದೆ, ಮಿತಿ 4.75ರಿಂದ 5.25. ಸಪ್ಲೈ ಬಿದ್ದೇ ಇದ್ದಿದ್ದರೆ ಆ ಲೈನಿನ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಬೇಕು. ಯಾವುದನ್ನು ಕಳಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದರೊಳಗೆ ಶಾರ್ಟ್ ಇದೆ. ಎಲ್ಲ ಕಳಚಿದರೂ ಬರದಿದ್ದರೆ ವೈರಿಂಗ್. ಇಲ್ಲಿ ದೋಷ ಬಂದುಹೋಗುವ ಜಾತಿಯದ್ದಾದ್ದರಿಂದ ಆ ದಾರಿ ಉಪಯೋಗಕ್ಕೆ ಬರಲಿಲ್ಲ.

ಮೀಟರನ್ನು ಕನಿಷ್ಠ-ಗರಿಷ್ಠ ದಾಖಲಿಸುವ ಮೋಡ್‌ಗೆ ಹಾಕಿ, ಹಾರ್ನೆಸ್ಸನ್ನು, ಅಂದರೆ ವೈರ್‌ಗಳ ಕಟ್ಟನ್ನು, ಕೈಯಲ್ಲಿ ಹಿಡಿದು, ಒಂದೊಂದು ಗೇಣು ಜಾಗ ಅಲುಗಾಡಿಸುತ್ತಾ ಹಿಂದಕ್ಕೆ ಹೋದೆವು. ಸಿಲಿಂಡರ್ ಹೆಡ್ ಪಕ್ಕ ಏನಿಲ್ಲ. ಇಸಿಎಂ ಹತ್ತಿರ ಏನಿಲ್ಲ. ಎಂಜಿನ್ ಹಿಂಭಾಗದಲ್ಲಿ, ಫ್ಲೈವೀಲ್ ಹೌಸಿಂಗ್ ಮೇಲೆ ಹಾರ್ನೆಸ್ ಹಿಡಿದಿಟ್ಟ ಕಬ್ಬಿಣದ ಕ್ಲಾಂಪ್ ಹತ್ತಿರ ಒತ್ತಿದಾಗ ಮೀಟರ್ 0.3ಕ್ಕೆ ಬಿತ್ತು. ಕೈ ಬಿಟ್ಟರೆ ಮತ್ತೆ 4.98. ಕ್ಲಾಂಪ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಪೂರ್ತಿ ಮಾಯ. ಬರೀ ಕಬ್ಬಿಣದ ಅಂಚು ಸುರುಳಿ ಪೈಪನ್ನು ಕೊರೆದು, ಟೇಪ್ ಕೊರೆದು, ವೈರಿನ ಮೇಲೆ ಕೂತಿತ್ತು. ಎರಡು ವೈರಿನ ಸಿಪ್ಪೆ ಸವೆದಿತ್ತು. ಒಂದರಲ್ಲಿ ತಾಮ್ರ ಹೊಳೆಯುತ್ತಿತ್ತು, ಕೆಲವು ಎಳೆ ಆಗಲೇ ತುಂಡಾಗಿದ್ದವು. ಅದೇ 5 ವೋಲ್ಟ್ ವೈರ್. ಲೋಡ್ ಬಿದ್ದಾಗ ಎಂಜಿನ್ ಮೌಂಟಿಂಗ್ ಮೇಲೆ ವಾಲುತ್ತದೆ, ಹಾರ್ನೆಸ್ ಬಿಗಿಯುತ್ತದೆ, ತಾಮ್ರ ಕ್ಲಾಂಪ್‌ಗೆ ತಾಗುತ್ತದೆ. ನಿಂತಾಗ ಬಿಡುತ್ತದೆ.

ಸವೆದ ತುಂಡನ್ನು ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಹಾಕಿ, ಹೊಸ ಸುರುಳಿ ಪೈಪ್ ಮತ್ತು ರಬ್ಬರ್ ಇರುವ ಕ್ಲಾಂಪ್ ಹಾಕಿದೆವು. ಹಿಂದಿನ ಎಂಜಿನ್ ಮೌಂಟಿಂಗ್ ರಬ್ಬರ್‌ಗಳೂ ಕುಸಿದಿದ್ದವು. ಅವನ್ನು ಹಾಗೇ ಬಿಟ್ಟಿದ್ದರೆ ಎಂಜಿನ್ ಹೆಚ್ಚು ವಾಲಿ ಹೊಸ ವೈರೂ ಅದೇ ದಾರಿ ಹಿಡಿಯುತ್ತಿತ್ತು. ಬೂಸ್ಟ್ ಸೆನ್ಸರ್ ಆರ್ಡರ್ ರದ್ದಾಯಿತು.

ಕನೆಕ್ಟರ್‌ಗೆ ಮರ್ಯಾದೆ ಕೊಡಿ

ದೋಷ ಹುಡುಕಲು ಬಂದವರೇ ಹೊಸ ದೋಷ ಹಾಕಿ ಹೋಗುವುದು ಇಲ್ಲೇ. ಮೀಟರ್‌ನ ದಪ್ಪ ಪ್ರೋಬನ್ನು ಹೆಣ್ಣು ಪಿನ್ನಿನೊಳಗೆ ತುರುಕಿದರೆ ಅದು ಅಗಲವಾಗುತ್ತದೆ. ಆಮೇಲೆ ಗಂಡು ಪಿನ್ ಅದರಲ್ಲಿ ಸಡಿಲವಾಗಿ ಕೂರುತ್ತದೆ, ಒಂದು ತಿಂಗಳ ನಂತರ ಕೋಡ್ ಮತ್ತೆ. ಆ ಪಿನ್ನಿನ ಅಳತೆಯದೇ ಟೆಸ್ಟ್ ಲೀಡ್ ಬಳಸಿ, ಅಥವಾ ಕನೆಕ್ಟರ್ ಹಿಂಬದಿಯಿಂದ, ವೈರ್ ಪಕ್ಕದಲ್ಲಿ ತೆಳು ಪಿನ್ ಇಳಿಸಿ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದ ನೀರಿಳಿದು ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆ ಇದಕ್ಕೆ ಒಂದು ಮಳೆಗಾಲ ಸಾಕು.

ಕನೆಕ್ಟರ್ ತೆಗೆದಾಗ ಕಣ್ಣಿಂದ ನೋಡುವುದೇ ಅರ್ಧ ಕೆಲಸ. ಪಿನ್ ಹಿಂದಕ್ಕೆ ಸರಿದಿದೆಯಾ, ಬಾಗಿದೆಯಾ, ಹಸಿರು ಪುಡಿ ಇದೆಯಾ, ರಬ್ಬರ್ ಸೀಲ್ ಜಾಗದಲ್ಲಿದೆಯಾ, ಒಳಗೆ ಎಂಜಿನ್ ಆಯಿಲ್ ಬಂದಿದೆಯಾ. ಪ್ರೆಶರ್ ಸೆನ್ಸರ್ ಒಳಗಿನಿಂದ ಸೋರಿ ಆಯಿಲ್ ಕನೆಕ್ಟರ್‌ಗೆ ಬಂದಿದ್ದರೆ ಸೆನ್ಸರ್ ಬದಲಿಸುವುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಕನೆಕ್ಟರ್ ತುಂಬಾ ಗ್ರೀಸ್ ತುಂಬಬೇಡಿ. ವಾಟರ್ ಸರ್ವಿಸ್‌ನ ನಾಜಲ್ಲನ್ನು ಇಸಿಎಂ ಮತ್ತು ಕನೆಕ್ಟರ್‌ಗಳಿಗೆ ನೇರ ಹಿಡಿಯಬೇಡಿ ಅಂತ ತೊಳೆಯುವ ಹುಡುಗನಿಗೂ ಹೇಳಿ.

ಓಮ್ ಪರೀಕ್ಷೆ ಮಾಡುವುದಾದರೆ ಎರಡೂ ತುದಿ ಕಳಚಿ ಮಾಡಿ. ತುದಿಯಿಂದ ತುದಿಗೆ 10 ಓಮ್ ಒಳಗೆ, ಬಾಡಿಗೆ 100 ಕಿಲೊ ಓಮ್‌ಗಿಂತ ಜಾಸ್ತಿ, ಇದು ಕಮಿನ್ಸ್ ಪಾಲಿಸುವ ಅಳತೆ. ಆದರೆ ಒಂದೇ ಎಳೆ ತಾಮ್ರ ಉಳಿದಿದ್ದರೂ ಓಮ್ ಮೀಟರ್ ಸರಿ ಅಂತಲೇ ಹೇಳುತ್ತದೆ. ಸಪ್ಲೈ ಮತ್ತು ಅರ್ತ್‌ನ ದಪ್ಪ ವೈರ್‌ಗಳಿಗೆ ಹೆಡ್‌ಲೈಟ್ ಬಲ್ಬ್ ಒಂದನ್ನು ಲೋಡ್ ಆಗಿ ಕೊಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ. ಇದನ್ನು ಸೆನ್ಸರ್ ಸಿಗ್ನಲ್ ವೈರ್‌ಗಾಗಲಿ ಇಸಿಎಂ ಜೋಡಿಸಿರುವಾಗಾಗಲಿ ಮಾಡಬೇಡಿ.

ಬೆಳಿಗ್ಗೆ, ತಣ್ಣಗಿರುವಾಗ

ಕೋಡ್ ಇಲ್ಲದೆ ಸುಳ್ಳು ಹೇಳುವ ಸೆನ್ಸರ್ ಹಿಡಿಯಲು ನನಗೆ ಇಷ್ಟವಾದ ಪರೀಕ್ಷೆ ಇದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಎಲ್ಲ ರೀಡಿಂಗ್ ಓದಿ. ಕೂಲೆಂಟ್, ಇಂಟೇಕ್ ಗಾಳಿ, ಡೀಸೆಲ್ ತಾಪಗಳು ಒಂದಕ್ಕೊಂದು ಕೆಲವೇ ಡಿಗ್ರಿ ವ್ಯತ್ಯಾಸದಲ್ಲಿ ಇರಬೇಕು. ಒಂದು ಮಾತ್ರ 15 ಡಿಗ್ರಿ ಆಚೆ ಇದ್ದರೆ ಅದನ್ನು ಹಿಡಿಯಿರಿ. ಆಯಿಲ್ ಪ್ರೆಶರ್, ರೈಲ್ ಪ್ರೆಶರ್ ಸೊನ್ನೆ ಆಸುಪಾಸು. ಬೂಸ್ಟ್ ಸೆನ್ಸರ್ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುವ ಬಗೆಯದಾದರೆ ಅದೂ ವಾತಾವರಣದ ಒತ್ತಡವೂ ಒಂದೇ ಇರಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೊಪಾಸ್ಕಲ್. ಬೆಂಗಳೂರಿನ ಎತ್ತರದಲ್ಲಿ 91ರ ಹತ್ತಿರ. ಬೆಂಗಳೂರಿನಲ್ಲಿ 91 ನೋಡಿ ಸೆನ್ಸರ್ ಕಡಿಮೆ ತೋರಿಸುತ್ತಿದೆ ಅಂತ ಗಾಬರಿಯಾಗಬೇಡಿ.

ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗಲ್ಲ

ಸೆಲ್ಫ್ ಹೊಡೆಯುವಾಗ ಮಾನಿಟರ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸ್ಪೀಡ್ ಸೆನ್ಸರ್ ಕಡೆ ಹೋಗಿ, 190 ಎಫ್‌ಎಂಐ 2 ಜೊತೆಗಿರಬಹುದು. ಬಿಚ್ಚಿ ತುದಿ ನೋಡಿ. ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಮೆತ್ತಿದ್ದರೆ ಸಿಗ್ನಲ್ ಹಾಳಾಗುತ್ತದೆ. ಒರೆಸಿ ಹಾಕಿ. ಪುಡಿ ಜಾಸ್ತಿ ಇದ್ದರೆ ಅದು ಎಲ್ಲಿಂದ ಬಂತು ಅಂತಲೂ ಯೋಚಿಸಿ. ಆರ್‌ಪಿಎಂ ಬರುತ್ತಿದ್ದರೆ ರೈಲ್ ಪ್ರೆಶರ್ ನೋಡಿ. ಸಾಮಾನ್ಯವಾಗಿ 200 ಬಾರ್ ಆಸುಪಾಸು ಏರುವವರೆಗೆ ಇಸಿಎಂ ಇಂಜೆಕ್ಟರ್ ತೆರೆಯುವುದಿಲ್ಲ. 157 ಎಫ್‌ಎಂಐ 18 ಬಂದರೆ ಡೀಸೆಲ್ ಫಿಲ್ಟರ್, ಸಕ್ಷನ್ ಪೈಪ್‌ನಲ್ಲಿ ಗಾಳಿ, ಫೀಡ್ ಪಂಪ್, ಈ ಕ್ರಮದಲ್ಲಿ ಹೋಗಿ. ರೈಲ್ ಸೆನ್ಸರ್ ಸರದಿ ಕೊನೆಗೆ.

ಎಲ್ಲ ಮೀಟರ್ ಸತ್ತಿದ್ದರೆ

ಎಸ್‌ಪಿಎನ್ 639, ಅಥವಾ ಎಫ್‌ಎಂಐ 9ರ ಸಾಲು ಸಾಲು ಕೋಡ್ ಬಂದರೆ ಕ್ಯಾನ್ ಲೈನ್ (ಕಂಪ್ಯೂಟರ್‌ಗಳ ನಡುವೆ ಸಂದೇಶ ಒಯ್ಯುವ ಎರಡು ವೈರ್) ನೋಡಿ. 9 ಪಿನ್ ಡಯಾಗ್ನೋಸ್ಟಿಕ್ ಕನೆಕ್ಟರ್‌ನಲ್ಲಿ ಎ ನೆಗೆಟಿವ್, ಬಿ ಬ್ಯಾಟರಿ ಪಾಸಿಟಿವ್, ಸಿ ಮತ್ತು ಡಿ ಕ್ಯಾನ್ ವೈರ್‌ಗಳು. ಬ್ಯಾಟರಿ ಕಟ್ ಮಾಡಿ ಸಿ-ಡಿ ನಡುವೆ ಅಳೆದರೆ 60 ಓಮ್ ಬರಬೇಕು, ಯಾಕೆಂದರೆ ಎರಡು ತುದಿಯಲ್ಲಿ 120ರ ಎರಡು ರೆಸಿಸ್ಟರ್ ಇವೆ. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಆಮೇಲೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಇದ್ದರೆ ಅದನ್ನು ಮೊದಲು ಕಳಚಿ ನೋಡಿ.

ಹೊಸ ಗಾಡಿಗಳಲ್ಲಿ

ನಮ್ಮಲ್ಲಿ 2021ರ ಏಪ್ರಿಲ್‌ನಿಂದ ಸಿಇವಿ (ನಿರ್ಮಾಣ ಯಂತ್ರಗಳ ಹೊಗೆ ಮಿತಿ) ನಾಲ್ಕನೇ ಹಂತ, 2025ರ ಜನವರಿಯಿಂದ ಐದನೇ ಹಂತದ ನಿಯಮ ಬಂದ ಮೇಲೆ ಸೆನ್ಸರ್‌ಗಳ ಸಂಖ್ಯೆ ಬಹಳ ಏರಿದೆ. ಸೈಲೆನ್ಸರ್ ಕಡೆಯೇ ಹೊಗೆಯಲ್ಲಿನ ನೈಟ್ರೊಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ (3216, 3226), ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನ ಒತ್ತಡ (3251), ಯೂರಿಯಾ ಟ್ಯಾಂಕ್ ಲೆವೆಲ್ (1761). ನಾಕ್ಸ್ ಸೆನ್ಸರ್ ದುಬಾರಿ. ಅದು ತನ್ನದೇ ಎಲೆಕ್ಟ್ರಾನಿಕ್ಸ್ ಇಟ್ಟುಕೊಂಡು ಕ್ಯಾನ್‌ನಲ್ಲಿ ಮಾತಾಡುತ್ತದೆ. 3226 ಎಫ್‌ಎಂಐ 9 ಬಂದರೆ ಅದರ ಫ್ಯೂಸ್, ಸಪ್ಲೈ, ಅರ್ತ್, ಕ್ಯಾನ್ ಪಿನ್ ನೋಡದೆ ಹೊಸದು ತರಿಸಬೇಡಿ. ಈ ಸೆನ್ಸರ್‌ಗಳನ್ನು ಮೋಸಗೊಳಿಸುವ ಡಬ್ಬಿ ಹಾಕಿಸುವ ಸಲಹೆಗೆ ಕಿವಿಗೊಡಲೇಬೇಡಿ. ನಿಯಮಕ್ಕೂ ವಿರುದ್ಧ, ಮುಂದೆ ಬರುವ ನಿಜವಾದ ಕೋಡ್‌ಗಳೂ ಮುಚ್ಚಿಹೋಗುತ್ತವೆ.

ಇಸಿಎಂ ಹೋಗಿದೆ ಅನ್ನುವ ಮುನ್ನ

ಇಸಿಎಂ ಮೇಲೆ ತಪ್ಪು ಹೊರಿಸುವುದು ಕೊನೆಯಲ್ಲಿ. ಅದರ ಎಲ್ಲ ಪಾಸಿಟಿವ್ ಮತ್ತು ಅರ್ತ್ ಪಿನ್‌ಗಳನ್ನು ಲೋಡ್ ಕೊಟ್ಟು ನೋಡಿರಬೇಕು. ಎಂಜಿನ್ ಹಾರ್ನೆಸ್ ಪೂರ್ತಿ ಕಳಚಿದ ಮೇಲೂ, ಇಸಿಎಂನ ಸಪ್ಲೈ ಪಿನ್ನಿನಲ್ಲೇ 5 ವೋಲ್ಟ್ ಬರುತ್ತಿಲ್ಲ ಅಂತ ಕಂಡಿರಬೇಕು. ಆಗ ಮಾತ್ರ ಆ ಮಾತು. ಬೇರೆ ಗಾಡಿಯ ಇಸಿಎಂ ತಂದು ಸಿಕ್ಕಿಸಿ ನೋಡಬೇಡಿ. ಕ್ಯಾಲಿಬ್ರೇಶನ್ ಬೇರೆ ಇರುತ್ತದೆ. ನಿಮ್ಮ ಗಾಡಿಯಲ್ಲಿ ಶಾರ್ಟ್ ಇದ್ದರೆ ಒಳ್ಳೆಯ ಇಸಿಎಂ ಕೂಡ ಹೋಗುತ್ತದೆ.

ಸೆನ್ಸರ್ ಬದಲಿಸಲೇಬೇಕು ಅಂತ ಪರೀಕ್ಷೆ ಹೇಳಿದರೆ ಪಾರ್ಟ್ ನಂಬರ್ ತಾಳೆ ನೋಡಿ ತನ್ನಿ. ನೋಡಲು ಒಂದೇ ಥರ ಇರುವ ಎರಡು ಪ್ರೆಶರ್ ಸೆನ್ಸರ್‌ಗಳ ಮಿತಿ ಬೇರೆ ಇರಬಹುದು. ಕೋಡ್ ಬರುವುದಿಲ್ಲ, ರೀಡಿಂಗ್ ಮಾತ್ರ ತಪ್ಪಿರುತ್ತದೆ. ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, ಹಾರ್ನೆಸ್ಸನ್ನು ಬಿಸಿ ಪೈಪ್ ಮತ್ತು ಚೂಪು ಅಂಚಿನಿಂದ ದೂರ ಕಟ್ಟಿ, ಎಂಜಿನ್ ಅಲುಗಾಡಲು ಸ್ವಲ್ಪ ಸಡಿಲ ಬಿಡಿ. ಈಗ ಕೋಡ್ ಕ್ಲಿಯರ್ ಮಾಡಿ. ಕೀ ಆಫ್-ಆನ್ ಮಾಡಿ, ಎಂಜಿನ್ ಬಿಸಿಯಾಗಲು ಬಿಟ್ಟು, ಆಪರೇಟರ್ ಹೇಳಿದ ಅದೇ ಕೆಲಸ ಮಾಡಿಸಿ: ಲೋಡ್‌ನಲ್ಲಿ ಬರುತ್ತಿತ್ತು ಅಂದರೆ ಬಕೆಟ್ ತುಂಬಾ ಮಣ್ಣು ಎಳೆಸಿ, ಏರಿನಲ್ಲಿ ಬರುತ್ತಿತ್ತು ಅಂದರೆ ಡಂಪರ್ ತುಂಬಿಸಿ ಏರು ಹತ್ತಿಸಿ. ಆಮೇಲೆ ಮೆಮೊರಿ ಮತ್ತೊಮ್ಮೆ ತೆರೆದು ಎಣಿಕೆ ಏರಿಲ್ಲ ಅಂತ ನೋಡಿ. ಕೋಡ್, ಅವರ್ ಮೀಟರ್, ಸಿಕ್ಕ ದೋಷ, ವೈರ್ ಸವೆದ ಜಾಗ, ಇಷ್ಟನ್ನು ಗಾಡಿಯ ಲಾಗ್ ಪುಸ್ತಕದಲ್ಲಿ ಬರೆದು ಕ್ಯಾಬಿನ್‌ನಲ್ಲೇ ಇಡಿ.